ಒಂದೇ ಮಗು ಅಂದ್ರೆ ಹಠಮಾರಿನಾ? ಅಧ್ಯಯನಗಳೇ ಯಾಕೆ ಜಗಳ ಆಡುತ್ತಿವೆ

2024ರ ಜನವರಿಯಲ್ಲಿ ಒಂದು ಸುದ್ದಿ ಓಡಾಡಿತು. ಒಡಹುಟ್ಟಿದವರು ಜಾಸ್ತಿ ಇದ್ದಷ್ಟೂ ಹದಿಹರೆಯದ ಮಕ್ಕಳ ಮಾನಸಿಕ ಆರೋಗ್ಯ ಕುಗ್ಗುತ್ತದೆ ಎಂಬುದು ಅದರ ಸಾರ. ಒಂದೇ ಮಗು ಸಾಕು ಎಂದು ನಿರ್ಧರಿಸಿದವರು ಓದಿ ನೆಮ್ಮದಿಯಾಗಿ ಉಸಿರು ಬಿಟ್ಟಿರಬೇಕು. ಅದೇ ವರ್ಷದ ಕೊನೆಗೆ ಇನ್ನೊಂದು ಸುದ್ದಿ. ಹೆಚ್ಚು ಮಕ್ಕಳಿರುವ ಮನೆಯಲ್ಲಿ ಬೆಳೆದವರು ಹೆಚ್ಚು ಪ್ರಾಮಾಣಿಕರು, ಹೊಂದಿಕೊಂಡು ಹೋಗುವವರು. ಒಬ್ಬರೇ ಆಗಿ ಬೆಳೆದವರು ಅದರಲ್ಲಿ ಸ್ವಲ್ಪ ಹಿಂದೆ. ಈ ಸಲ ನೆಮ್ಮದಿ ಪಡುವ ಸರದಿ ಎರಡು-ಮೂರು ಮಕ್ಕಳಿರುವವರದು. ಇದರ ನಡುವೆ, ಒಂಟಿಯಾಗಿ ಬೆಳೆದರೆ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ ಎಂದು ಹೇಳುವ ಸಂಶೋಧಕರು ನಾಲ್ಕು ದಶಕದಿಂದ ಇದ್ದೇ ಇದ್ದಾರೆ.

ಇದನ್ನೆಲ್ಲ ಓದಿದವರಿಗೆ ತಲೆ ಚಿಟ್ಟು ಹಿಡಿಯದೆ ಇರುತ್ತದಾ? ಮಗುವಿನ ಸ್ವಭಾವಕ್ಕೂ ಮನೆಯಲ್ಲಿ ಇನ್ನೊಂದು ಮಗು ಇರುವುದಕ್ಕೂ ಸಂಬಂಧ ಇದೆಯೋ ಇಲ್ಲವೋ? ಇದೆ. ಆದರೆ ಮಕ್ಕಳ ತಲೆ ಎಣಿಸುತ್ತಾ ಅದನ್ನು ಹುಡುಕಿದರೆ ಕೈಗೆ ಸಿಗುವುದು ಬರೀ ಚೂರುಪಾರು. ಯಾಕೆ ಹೀಗೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅಪವಾದ ಹುಟ್ಟಿದ್ದು ಹೀಗೆ

"ಒಬ್ಬನೇ ಮಗ ನೋಡಿ, ತಲೆ ಮೇಲೆ ಕೂರಿಸಿಕೊಂಡಿದ್ದಾರೆ." ಈ ಮಾತಿಗೆ ಅಧ್ಯಯನದ ಮುದ್ರೆ ಬಿದ್ದದ್ದು 1896ರಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಇ. ಡಬ್ಲ್ಯು. ಬೊಹಾನನ್ ಒಂದು ಪ್ರಶ್ನಾವಳಿ ಹಂಚಿದರು. ನಿಮಗೆ ಗೊತ್ತಿರುವ ವಿಚಿತ್ರ ಮಕ್ಕಳ ಬಗ್ಗೆ ಬರೆಯಿರಿ ಎಂದು ಕೇಳಿದರು. ಸಾವಿರಕ್ಕೂ ಹೆಚ್ಚು ಮಕ್ಕಳ ವಿವರ ಬಂತು. ಅದರಲ್ಲಿ 46 ಮಕ್ಕಳು ಒಡಹುಟ್ಟಿದವರಿಲ್ಲದವರು. ಅವರು ಯಾರ ಜೊತೆಗೂ ಬೆರೆಯುವುದಿಲ್ಲ, ಮುದ್ದಿನಿಂದ ಕೆಟ್ಟಿದ್ದಾರೆ, ಇಲ್ಲದ ಗೆಳೆಯರನ್ನು ಕಲ್ಪಿಸಿಕೊಂಡು ಆಡುತ್ತಾರೆ ಎಂಬ ಚಿತ್ರ ಇಲ್ಲಿಂದ ತಯಾರಾಯಿತು. ಒಂಟಿ ಮಗುವಾಗಿರುವುದೇ ಒಂದು ರೋಗ ಎಂಬ ಮಾತು ಹಾಲ್ ಅವರ ಹೆಸರಿನಲ್ಲಿ ಇವತ್ತಿಗೂ ಚಲಾವಣೆಯಲ್ಲಿದೆ.

ಇದರ ಹುಳುಕು ಕಾಣುತ್ತಿದೆ ಅಲ್ವಾ? ವಿಚಿತ್ರ ಮಕ್ಕಳನ್ನೇ ತೋರಿಸಿ ಎಂದು ಕೇಳಿದರೆ ಬರುವವರೆಲ್ಲ ವಿಚಿತ್ರ ಮಕ್ಕಳೇ. ಇನ್ನೊಂದು ವಿಷಯವೂ ಇದೆ. ಮನೆ ತುಂಬ ಮಕ್ಕಳಿರುತ್ತಿದ್ದ ಆ ಕಾಲದಲ್ಲಿ ಒಂದಕ್ಕೇ ನಿಂತ ಮನೆಯಲ್ಲಿ ಏನೋ ತೊಂದರೆ ಆಗಿರುವ ಸಾಧ್ಯತೆ ಜಾಸ್ತಿ ಇತ್ತು. ತಾಯಿ ತೀರಿಕೊಂಡಿರಬಹುದು, ಕಾಯಿಲೆ ಇರಬಹುದು, ಉಳಿದ ಮಕ್ಕಳು ಬದುಕದೆ ಇರಬಹುದು. ಆ ಮಗು ಮಂಕಾಗಿದ್ದರೆ ಅದಕ್ಕೆ ತಮ್ಮ-ತಂಗಿ ಇಲ್ಲದಿರುವುದು ಕಾರಣವೋ, ಮನೆಯ ದುಃಖ ಕಾರಣವೋ?

ಈ ಅಪವಾದವನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಲು 90 ವರ್ಷ ಬೇಕಾಯಿತು. 1986ರಲ್ಲಿ ಟೋನಿ ಫಾಲ್ಬೊ ಮತ್ತು ಡೆನಿಸ್ ಪೋಲಿಟ್ ಅಲ್ಲಿಯವರೆಗಿನ 115 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಸ್ವಭಾವ, ಹೊಂದಾಣಿಕೆ, ಜನರೊಡನೆ ಬೆರೆಯುವುದು ಇವುಗಳಲ್ಲಿ ಒಂಟಿ ಮಕ್ಕಳಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಸಾಧಿಸಬೇಕೆಂಬ ಛಲದಲ್ಲಿ ಮತ್ತು ಅಪ್ಪ-ಅಮ್ಮನ ಜೊತೆಗಿನ ಸಂಬಂಧದಲ್ಲಿ ಒಂಟಿ ಮಕ್ಕಳು ತುಸು ಮುಂದೆಯೇ ಇದ್ದರು. ಆದರೂ ಅಪವಾದ ಅಳಿಸಲಿಲ್ಲ. 2019ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ ಎರಡು ಪ್ರಶ್ನೆ ಇಟ್ಟುಕೊಂಡಿತ್ತು. ಒಂಟಿ ಮಕ್ಕಳು ತಾವೇ ಮೇಲು ಎಂದುಕೊಳ್ಳುವವರು ಎಂದು ಜನ ನಂಬುತ್ತಾರಾ? ಹೌದು, ನಂಬುತ್ತಾರೆ. ಅಳೆದು ನೋಡಿದರೆ ಅದು ನಿಜವಾ? ಅಲ್ಲ.

ಏಳು ಲಕ್ಷ ಜನ, ಕೂದಲೆಳೆಯ ಅಂತರ

ಹಾಗಿದ್ದರೆ 2024ರ ಕೊನೆಯ ಸುದ್ದಿ ಎಲ್ಲಿಂದ ಬಂತು? ಕೆನಡಾದ ಮೈಕೆಲ್ ಆಷ್ಟನ್ ಮತ್ತು ಕಿಬಿಯೊಮ್ ಲೀ ಎಂಬ ಇಬ್ಬರು ಸಂಶೋಧಕರು ಆನ್‌ಲೈನ್‌ನಲ್ಲಿ ವ್ಯಕ್ತಿತ್ವದ ಪ್ರಶ್ನಾವಳಿ ತುಂಬಿದ 7 ಲಕ್ಷಕ್ಕೂ ಹೆಚ್ಚು ವಯಸ್ಕರ ಉತ್ತರಗಳನ್ನು ನೋಡಿದರು. ಪ್ರಾಮಾಣಿಕತೆ ಮತ್ತು ವಿನಯ ಒಂದು ಗುಣ, ಹೊಂದಾಣಿಕೆ ಇನ್ನೊಂದು ಗುಣ. ಈ ಎರಡರಲ್ಲೂ ಒಂಟಿಯಾಗಿ ಬೆಳೆದವರ ಸರಾಸರಿ ಎಲ್ಲರಿಗಿಂತ ಕಡಿಮೆ. ಮನೆಯಲ್ಲಿ ಮಕ್ಕಳ ಸಂಖ್ಯೆ ಏರಿದಂತೆ ಸರಾಸರಿಯೂ ಏರುತ್ತಾ ಹೋಯಿತು. ಎಷ್ಟನೆಯವರಾಗಿ ಹುಟ್ಟಿದರು ಅನ್ನೋದಕ್ಕಿಂತ ಒಟ್ಟು ಎಷ್ಟು ಮಕ್ಕಳ ನಡುವೆ ಬೆಳೆದರು ಅನ್ನೋದೇ ಇಲ್ಲಿ ಹೆಚ್ಚು ಲೆಕ್ಕಕ್ಕೆ ಬಂತು.

ಏರುತ್ತಾ ಹೋಯಿತು, ಸರಿ. ಎಷ್ಟು ಏರಿತು? ಸುದ್ದಿಯಲ್ಲಿ ಕಳೆದುಹೋಗುವುದು ಇದೇ. ಒಂದೇ ಮಗುವಿದ್ದ ಮನೆಗೂ ಎರಡು ಮಕ್ಕಳಿದ್ದ ಮನೆಗೂ ನಡುವಿನ ಅಂತರ ಕೂದಲೆಳೆಯಷ್ಟು. ಆರು-ಏಳು ಮಕ್ಕಳಿದ್ದ ಮನೆಯವರ ಜೊತೆ ಹೋಲಿಸಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಅಲ್ಲೂ ಹೇಗೆ ಬೀಳುತ್ತದೆ ನೋಡಿ. ತೀರಾ ದೊಡ್ಡ ಕುಟುಂಬದ ಒಬ್ಬರು, ಒಂಟಿಯಾಗಿ ಬೆಳೆದ ಒಬ್ಬರು, ಹೀಗೆ ಸುಮ್ನೆ ಚೀಟಿ ಎತ್ತಿ ನೂರು ಜೋಡಿ ಮಾಡಿ. ಸುಮಾರು 60 ಜೋಡಿಗಳಲ್ಲಿ ದೊಡ್ಡ ಕುಟುಂಬದವರು ಹೆಚ್ಚು ಹೊಂದಿಕೊಳ್ಳುವವರಾಗಿರುತ್ತಾರೆ. ಉಳಿದ 40ರಲ್ಲಿ ಒಂಟಿಯಾಗಿ ಬೆಳೆದವರೇ ಮುಂದೆ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಇಂಥ ಅಂತರ ಇಟ್ಟುಕೊಂಡು ಪಕ್ಕದ ಮನೆಯ ಮಗುವಿನ ಸ್ವಭಾವ ಹೇಳಲು ಹೊರಟರೆ ಜ್ಯೋತಿಷ್ಯ ಹೇಳಿದ ಹಾಗಾಗುತ್ತದೆ.

ಆದರೆ ಏಳು ಲಕ್ಷ ಜನರಲ್ಲಿ ಕಂಡ ಅಂತರ ಆಕಸ್ಮಿಕವೂ ಅಲ್ಲ. ಸಂಖ್ಯೆ ಅಷ್ಟು ದೊಡ್ಡದಿದ್ದಾಗ ತೀರಾ ಸಣ್ಣ ಒಲವು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಅಧ್ಯಯನಗಳು ಅಂತರ ಇಲ್ಲ ಎಂದದ್ದಕ್ಕೂ ಹೊಸದು ಇದೆ ಎಂದದ್ದಕ್ಕೂ ವಿರೋಧ ಇರಲೇಬೇಕೆಂದಿಲ್ಲ. ಬರಿಗಣ್ಣಿಗೆ ಕಾಣದ್ದು ಭೂತಗನ್ನಡಿಯಲ್ಲಿ ಕಂಡಿದೆ, ಅಷ್ಟೇ. ಇನ್ನೂ ಒಂದು ಮಾತು. ಮಕ್ಕಳು ಹೆಚ್ಚಿರುವ ಮನೆಗಳಲ್ಲಿ ಧಾರ್ಮಿಕ ನಂಬಿಕೆಯೂ ಹೆಚ್ಚಿರುವುದು ಸಾಮಾನ್ಯ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಂತರ ಇನ್ನೂ ಸ್ವಲ್ಪ ಕಿರಿದಾಗುತ್ತದೆ.

ಒಂದಕ್ಕೇ ನಿಂತವರು ಯಾರು?

ಈಗ ಜನವರಿಯ ಸುದ್ದಿಗೆ ಬರೋಣ. ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಸ್ ಡೌನಿ ಮತ್ತು ಅವರ ಸಹ ಸಂಶೋಧಕರು ಚೀನಾದ 9,400ಕ್ಕೂ ಹೆಚ್ಚು, ಅಮೆರಿಕದ 9,100ಕ್ಕೂ ಹೆಚ್ಚು 8ನೇ ತರಗತಿಯ ಮಕ್ಕಳ ಮಾಹಿತಿ ನೋಡಿದರು. ಚೀನಾದಲ್ಲಿ ಒಡಹುಟ್ಟಿದವರಿಲ್ಲದ ಮಕ್ಕಳ ಮಾನಸಿಕ ಆರೋಗ್ಯವೇ ಎಲ್ಲರಿಗಿಂತ ಚೆನ್ನಾಗಿತ್ತು. ಅಮೆರಿಕದಲ್ಲಿ ಒಂಟಿ ಮಕ್ಕಳೂ ಒಬ್ಬ ಅಣ್ಣನೋ ತಂಗಿಯೋ ಇದ್ದ ಮಕ್ಕಳೂ ಹೆಚ್ಚುಕಡಿಮೆ ಸಮ. ಅದಕ್ಕಿಂತ ಜಾಸ್ತಿ ಇದ್ದ ಮನೆಗಳಲ್ಲಿ ಇಳಿಕೆ. ಒಂದು ವರ್ಷದ ಅಂತರದೊಳಗೆ ಬೆನ್ನಿಗೆ ಬೆನ್ನು ಹುಟ್ಟಿದ ಮಕ್ಕಳಿದ್ದಲ್ಲಿ ಈ ಸಂಬಂಧ ಇನ್ನೂ ಗಟ್ಟಿ.

ಇದಕ್ಕೆ ಎರಡು ವಿವರಣೆಗಳಿವೆ. ಮೊದಲನೆಯದು ಹಂಚಿಕೆಯ ಲೆಕ್ಕ. ದಿನದ ಕೆಲಸ ಮುಗಿಸಿ ಬಂದ ತಾಯಿಯ ಬಳಿ ಮಲಗುವ ಹೊತ್ತಿಗೆ ಮುಂಚೆ ಎರಡು ಗಂಟೆ ಇದೆ ಎಂದುಕೊಳ್ಳಿ. ಮಗು ಒಂದೇ ಇದ್ದರೆ ಎರಡೂ ಗಂಟೆ ಅದರದ್ದೇ. ನಾಲ್ಕು ಮಕ್ಕಳಿದ್ದರೆ ತಲೆಗೆ ಅರ್ಧ ಗಂಟೆ. ಹಣಕ್ಕೂ ಇದೇ ಲೆಕ್ಕ, ತಾಳ್ಮೆಗೂ ಇದೇ ಲೆಕ್ಕ. ಬೆನ್ನಿಗೆ ಬೆನ್ನು ಹುಟ್ಟಿದವರಲ್ಲಿ ಪರಿಣಾಮ ಜಾಸ್ತಿ ಕಂಡದ್ದು ಇದಕ್ಕೆ ಹೊಂದುತ್ತದೆ. ಒಂದೇ ವಯಸ್ಸಿನ ಇಬ್ಬರಿಗೆ ಒಂದೇ ಬಗೆಯ ಗಮನ ಒಂದೇ ಹೊತ್ತಿನಲ್ಲಿ ಬೇಕಾಗುತ್ತದೆ.

ಎರಡನೆಯ ವಿವರಣೆ ಮಕ್ಕಳ ಬಗ್ಗೆ ಅಲ್ಲವೇ ಅಲ್ಲ. ಅದು ಅಪ್ಪ-ಅಮ್ಮಂದಿರ ಬಗ್ಗೆ. ಕಡಿಮೆ ಮಕ್ಕಳು ಸಾಕು ಎನ್ನುವವರು ಸರಾಸರಿಯಲ್ಲಿ ಹೆಚ್ಚು ಓದಿದವರು, ಅನುಕೂಲಸ್ಥರು. ಅವರ ಮಗು ಆರಾಮಾಗಿದ್ದರೆ ಅದಕ್ಕೆ ಹಣ ಕಾರಣವೋ, ತಮ್ಮ ಇಲ್ಲದಿರುವುದು ಕಾರಣವೋ? ಚೀನಾದಲ್ಲಂತೂ ಒಂದೇ ಮಗುವಿನ ನಿಯಮ ಬಿಗಿಯಾಗಿದ್ದದ್ದು ನಗರಗಳಲ್ಲಿ. ಅಲ್ಲಿ ಒಂಟಿ ಮಗು ಎಂದರೆ ಬಹಳ ಸಲ ನಗರದ, ಅನುಕೂಲವಿರುವ ಮನೆಯ ಮಗು ಎಂದೇ ಅರ್ಥ. ಸಂಶೋಧಕರು ಇಂಥ ಅಂಶಗಳನ್ನು ಲೆಕ್ಕದಿಂದ ಕಳೆಯಲು ನೋಡುತ್ತಾರೆ. ಆದರೆ ಪೂರ್ತಿ ಕಳೆಯುವುದು ಕಷ್ಟ. ಮೊದಲ ಮಗು ರಾತ್ರಿಯಿಡೀ ರಚ್ಚೆ ಹಿಡಿದು ಅತ್ತು ಸುಸ್ತು ಮಾಡಿದ್ದಕ್ಕೇ ಎರಡನೆಯದು ಬೇಡ ಎಂದವರೂ ಇರುತ್ತಾರೆ. ಅಲ್ಲಿ ಮಗುವಿನ ಸ್ವಭಾವವೇ ಕಾರಣ, ಒಂಟಿತನ ಅದರ ಫಲ. ಅಂಕಿಅಂಶದಲ್ಲಿ ಮಾತ್ರ ಅದು ತಿರುವುಮುರುವಾಗಿ ಕಾಣುತ್ತದೆ.

ಈ ಗೋಜಲು ಬಿಡಿಸಲು ಅರ್ಥಶಾಸ್ತ್ರಜ್ಞರು ಒಂದು ಜಾಣ ದಾರಿ ಕಂಡುಕೊಂಡರು: ಅವಳಿ ಮಕ್ಕಳು. ಎರಡು ಮಕ್ಕಳು ಸಾಕು ಎಂದುಕೊಂಡ ಮನೆಯಲ್ಲಿ ಎರಡನೆಯ ಹೆರಿಗೆಯಲ್ಲಿ ಅವಳಿ ಹುಟ್ಟಿದರೆ ಮೂರು ಮಕ್ಕಳಾಗುತ್ತವೆ. ಆ ಮೂರನೆಯದನ್ನು ಯಾರೂ ಲೆಕ್ಕ ಹಾಕಿ ಪಡೆದದ್ದಲ್ಲ. ಹಾಗಾಗಿ ಅಂಥ ಮನೆಯ ದೊಡ್ಡ ಮಗುವನ್ನು ಅವಳಿ ಇಲ್ಲದ ಮನೆಯ ದೊಡ್ಡ ಮಗುವಿನ ಜೊತೆ ಹೋಲಿಸಿದರೆ ಇನ್ನೊಂದು ಮಗುವಿನ ಪರಿಣಾಮ ಮಾತ್ರ ಬೇರೆಯಾಗಿ ಸಿಗುತ್ತದೆ. ನಾರ್ವೆಯ 2005ರ ಅಧ್ಯಯನ, ಇಸ್ರೇಲಿನ 2010ರ ಅಧ್ಯಯನ ಎರಡೂ ಈ ದಾರಿ ಹಿಡಿದವು. ಓದಿನ ಮಟ್ಟಿಗೆ, ಕುಟುಂಬ ದೊಡ್ಡದಾಗಿದ್ದರಿಂದ ಆಗುತ್ತದೆ ಎಂದು ನಂಬಿದ್ದ ನಷ್ಟ ಹೆಚ್ಚುಕಡಿಮೆ ಮಾಯವಾಯಿತು. ಸಂಖ್ಯೆಯ ತಲೆಗೆ ಕಟ್ಟಿದ್ದ ತಪ್ಪು ಬಹುಪಾಲು ಬೇರೆಯದರದ್ದಾಗಿತ್ತು.

ಪುಟ್ಟ ಚಕ್ರವರ್ತಿಗಳ ದೇಶ

ಒಂದು ದೇಶವೇ ದೊಡ್ಡ ಪ್ರಯೋಗಶಾಲೆ ಆದದ್ದೂ ಉಂಟು. 1979-80ರ ಹೊತ್ತಿಗೆ ಶುರುವಾದ ಚೀನಾದ ಒಂದೇ ಮಗುವಿನ ನೀತಿ 2015ರವರೆಗೆ ನಡೆಯಿತು. ಅಪ್ಪ-ಅಮ್ಮ, ಎರಡೂ ಕಡೆಯ ಅಜ್ಜ-ಅಜ್ಜಿ, ಹೀಗೆ ಆರು ಜನ ದೊಡ್ಡವರ ನಡುವೆ ಒಂದು ಮಗು. ಇವರಿಗೆ 'ಪುಟ್ಟ ಚಕ್ರವರ್ತಿಗಳು' ಎಂದು ಹೆಸರೇ ಬಿತ್ತು.

ಅವರು ನಿಜವಾಗಿಯೂ ಕೆಟ್ಟರಾ? 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೀಜಿಂಗ್ ಮತ್ತು ಮೂರು ಪ್ರಾಂತ್ಯಗಳ ಸುಮಾರು 4,000 ಶಾಲಾಮಕ್ಕಳನ್ನು ನೋಡಿತು. ಸ್ವಭಾವದಲ್ಲಿ ಒಂಟಿ ಮಕ್ಕಳಿಗೂ ಉಳಿದವರಿಗೂ ಅಂಥ ಅಂತರ ಸಿಗಲಿಲ್ಲ. ಇಪ್ಪತ್ತು ವರ್ಷದ ಮೇಲೆ, 2013ರಲ್ಲಿ, 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆಯೇ ಹೇಳಿತು. ನೀತಿಗೆ ಸ್ವಲ್ಪ ಮುಂಚೆ ಮತ್ತು ಸ್ವಲ್ಪ ಆಮೇಲೆ ಹುಟ್ಟಿದ ಬೀಜಿಂಗ್‌ನ 421 ಜನರಿಗೆ ಹಣದ ಆಟಗಳನ್ನು ಆಡಿಸಿದರು. ಎದುರಿನವರನ್ನು ನಂಬಿ ಎಷ್ಟು ಹಣ ಕೊಡುತ್ತೀರಿ, ನಿಮ್ಮನ್ನು ನಂಬಿ ಕೊಟ್ಟರೆ ಎಷ್ಟು ಹಿಂದಿರುಗಿಸುತ್ತೀರಿ ಎಂಬಂಥ ಆಟಗಳು. ನೀತಿಯ ನಂತರ ಹುಟ್ಟಿದವರು ನಂಬುವುದೂ ಕಡಿಮೆ, ನಂಬಿಕೆ ಉಳಿಸಿಕೊಳ್ಳುವುದೂ ಕಡಿಮೆ. ಅಪಾಯಕ್ಕೆ ಹಿಂಜರಿಕೆ ಜಾಸ್ತಿ, ನಿರಾಶೆಯೂ ಜಾಸ್ತಿ.

ಈ ಅಧ್ಯಯನದ ಬಲ ಏನೆಂದರೆ, ಇಲ್ಲಿ ಒಂದೇ ಮಗು ಎಂಬುದು ಮನೆಯವರ ಆಯ್ಕೆ ಆಗಿರಲಿಲ್ಲ, ಸರ್ಕಾರದ ಆಜ್ಞೆ ಆಗಿತ್ತು. ಅದರ ದೌರ್ಬಲ್ಯವೂ ಅಲ್ಲೇ ಇದೆ. ಅದೇ ವರ್ಷಗಳಲ್ಲಿ ಚೀನಾದ ಇಡೀ ಆರ್ಥಿಕತೆ ಮಗ್ಗುಲು ಬದಲಿಸುತ್ತಿತ್ತು. ನಾಲ್ಕೈದು ವರ್ಷ ಆಚೆ-ಈಚೆ ಹುಟ್ಟಿದವರು ಬೇರೆ ಬೇರೆ ದೇಶದಲ್ಲಿ ಬೆಳೆದ ಹಾಗೆಯೇ. ವಯಸ್ಸಿನಿಂದ ಈ ಅಂತರ ಬಂದದ್ದಲ್ಲ ಎಂದು ಬರೆದವರು ವಾದಿಸಿದ್ದಾರೆ. ಒಪ್ಪದವರೂ ಇದ್ದಾರೆ. ಒಂದು ಊರಿನ 421 ಜನರಿಂದ ಒಂದು ಇಡೀ ಪೀಳಿಗೆಗೆ ಹಣೆಪಟ್ಟಿ ಹಚ್ಚುವುದು ಅತಿಯಾಯಿತು ಎಂದೇ ನನಗೂ ಅನಿಸುತ್ತದೆ.

ಕಿತ್ತಾಟದಲ್ಲಿ ಏನು ಕಲಿಯುತ್ತಾರೆ

ಇಲ್ಲಿಯವರೆಗೆ ನೋಡಿದ್ದೆಲ್ಲ ತಲೆ ಎಣಿಕೆ. ಇಬ್ಬರು ಮಕ್ಕಳ ನಡುವೆ ನಿಜವಾಗಿ ಏನು ನಡೆಯುತ್ತದೆ ಎಂದು ನೆಲದ ಮೇಲೆ ಕೂತು ನೋಡಿದವರು ಕಂಡದ್ದು ಬೇರೆ ಲೋಕ.

ಮೂರೂವರೆ ವರ್ಷದ ಮಗುವಿಗೆ ಮಿಠಾಯಿಯ ಡಬ್ಬಿ ತೋರಿಸಿ ಒಳಗೆ ಏನಿದೆ ಎಂದು ಕೇಳಿ. ಮಿಠಾಯಿ ಅನ್ನುತ್ತದೆ. ತೆರೆದರೆ ಒಳಗೆ ಪೆನ್ಸಿಲ್. ಈಗ ಮುಚ್ಚಳ ಹಾಕಿ, ಹೊರಗೆ ಇರುವ ನಿನ್ನ ಗೆಳೆಯ ಇದನ್ನು ನೋಡಿದರೆ ಒಳಗೆ ಏನಿದೆ ಅಂದುಕೊಳ್ಳುತ್ತಾನೆ ಎಂದು ಕೇಳಿ. ಬಹಳಷ್ಟು ಮಕ್ಕಳು ಪೆನ್ಸಿಲ್ ಎಂದೇ ಹೇಳುತ್ತವೆ. ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರಬಹುದು ಎಂಬುದು ಆ ವಯಸ್ಸಿಗೆ ಇನ್ನೂ ಹೊಳೆದಿರುವುದಿಲ್ಲ. ಬೇರೆಯವರ ಮನಸ್ಸು ಬೇರೆ ಎಂಬ ಈ ತಿಳಿವಳಿಕೆ ಒಡಹುಟ್ಟಿದವರಿರುವ ಮಕ್ಕಳಿಗೆ ಸ್ವಲ್ಪ ಬೇಗ ಬರುತ್ತದೆ ಎಂದು ಜೋಸೆಫ್ ಪೆರ್ನರ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು.

ಯಾಕೆ ಬೇಗ ಬರುತ್ತದೆ? ಅಣ್ಣನ ಜೊತೆ ಬದುಕಬೇಕಿದ್ದರೆ ಇದು ಬೇಕೇ ಬೇಕು. ಅವನು ಚಾಡಿ ಹೇಳುತ್ತಾನೆ, ಆಟದಲ್ಲಿ ಮೋಸ ಮಾಡುತ್ತಾನೆ, ಕೊಡುತ್ತೇನೆ ಅಂದು ಕೊಡುವುದಿಲ್ಲ. ಅಪ್ಪ-ಅಮ್ಮ ಮಗು ಬಾಯಿ ತೆರೆಯುವ ಮುಂಚೆಯೇ ಅದಕ್ಕೆ ಬೇಕಾದ್ದನ್ನು ಊಹಿಸುತ್ತಾರೆ. ಅಣ್ಣ ಊಹಿಸುವುದಿಲ್ಲ. ಅವನಿಗೆ ಬಾಯಿಬಿಟ್ಟು ಹೇಳಬೇಕು, ಒಪ್ಪಿಸಬೇಕು, ಇಲ್ಲವೇ ಅವನನ್ನು ಯಾಮಾರಿಸಬೇಕು. ಯಾಮಾರಿಸುವುದಕ್ಕಂತೂ ಅವನ ತಲೆಯಲ್ಲಿ ಏನಿದೆ ಎಂದು ಗೊತ್ತಿರಲೇಬೇಕು.

ಕರುಣೆಯೂ ಇದೇ ಅಂಗಳದಲ್ಲಿ ಬೆಳೆಯುತ್ತದೆ. ಕೆನಡಾದ 452 ಜೋಡಿ ಮಕ್ಕಳನ್ನು ನೋಡಿದ 2018ರ ಅಧ್ಯಯನದಲ್ಲಿ, ಬೇರೆಯವರ ನೋವಿಗೆ ಮಿಡಿಯುವ ಮಗುವಿನ ಜೊತೆ ಬೆಳೆದ ಮಗುವೂ ಕಾಲ ಕಳೆದಂತೆ ಹೆಚ್ಚು ಮಿಡಿಯತೊಡಗಿತು. ದೊಡ್ಡವರಿಂದ ಚಿಕ್ಕವರು ಕಲಿಯುವುದು ಹೊಸದೇನಲ್ಲ. ಚಿಕ್ಕವರಿಂದ ದೊಡ್ಡವರೂ ಕಲಿತರು ಎಂಬುದು ಇಲ್ಲಿ ಸಿಕ್ಕ ವಿಶೇಷ.

ಇದೇ ಅಂಗಳದಲ್ಲಿ ಕೆಟ್ಟದ್ದೂ ಬೆಳೆಯುತ್ತದೆ. ಇಬ್ಬರ ನಡುವೆ ಒಂದೇ ಕೆಂಪು ಕಾರು. ತಂಗಿ ಕೇಳುತ್ತಾಳೆ, ಅಣ್ಣ ಕೊಡುವುದಿಲ್ಲ. ಕಿತ್ತುಕೊಳ್ಳಲು ಹೋಗುತ್ತಾಳೆ, ಅವನು ತಳ್ಳುತ್ತಾನೆ. ಅವಳು ಮನೆ ಹಾರಿಹೋಗುವಂತೆ ಕಿರುಚುತ್ತಾಳೆ. ಒಳಗಿನಿಂದ ಕೂಗು ಬರುತ್ತದೆ: "ಅವಳಿಗೆ ಕೊಟ್ಟುಬಿಡೋ!" ಅವನು ಕಾರು ಎಸೆಯುತ್ತಾನೆ, ಕಿರುಚಾಟ ನಿಲ್ಲುತ್ತದೆ. ಈ ಅರ್ಧ ನಿಮಿಷದಲ್ಲಿ ಮೂವರೂ ಒಂದೊಂದು ಪಾಠ ಕಲಿತರು. ಕಿರುಚಿದರೆ ಸಿಗುತ್ತದೆ ಎಂದು ತಂಗಿ. ನ್ಯಾಯ ಸಿಗುವುದಿಲ್ಲ, ಯಾರೂ ಇಲ್ಲದಾಗ ನೋಡಿಕೊಳ್ಳಬೇಕು ಎಂದು ಅಣ್ಣ. ಕೊಡಿಸಿಬಿಟ್ಟರೆ ಶಾಂತಿ ಎಂದು ಅಮ್ಮ. ನಾಳೆ ಕಿರುಚಾಟ ಇನ್ನೂ ಬೇಗ ಶುರುವಾಗುತ್ತದೆ.

ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಗೆ ಹೋಗಿ ಇಂಥ ಸರಪಳಿಗಳನ್ನು ನಿಮಿಷ ನಿಮಿಷಕ್ಕೂ ಬರೆದುಕೊಂಡರು. ಒಬ್ಬರನ್ನೊಬ್ಬರು ಕಾಡಿಯೇ ಕೆಲಸ ಸಾಧಿಸುವ ರೂಢಿ ಮನೆಯಲ್ಲಿ ಬೇರೂರಿ ಆಮೇಲೆ ಶಾಲೆಗೂ ಹೋಗುತ್ತದೆ, ಒಡಹುಟ್ಟಿದವರೇ ಅದಕ್ಕೆ ತಾಲೀಮು ಕೊಡುವವರು ಎಂಬುದು ಅವರ ವಾದ. ಬೇರೆಯವರ ಮನಸ್ಸು ಓದುವುದನ್ನು ಕಲಿಸುವ ಅಣ್ಣನೇ ಹೊಡೆದು ಗೆಲ್ಲುವುದನ್ನೂ ಕಲಿಸಬಲ್ಲ. ತಲೆ ಎಣಿಸುವವರಿಗೆ ಈ ಎರಡೂ ಒಂದೇ. ಒಳ್ಳೆಯ ಜೋಡಿ ಒಂದಿಷ್ಟು ಕೂಡಿಸುತ್ತದೆ, ಕೆಟ್ಟ ಜೋಡಿ ಅಷ್ಟೇ ಕಳೆಯುತ್ತದೆ. ಸರಾಸರಿ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಪರಿಣಾಮ ಇಲ್ಲ ಎಂಬ ಹಳೆಯ ತೀರ್ಪಿನ ಹಿಂದೆ ದೊಡ್ಡ ಪರಿಣಾಮಗಳು ಒಂದನ್ನೊಂದು ತಿಂದುಹಾಕಿರುವ ಸಾಧ್ಯತೆ ಇದೆ.

ಯಾವ ವಯಸ್ಸಿನಲ್ಲಿ ಕೇಳಿದರು?

ಇನ್ನೊಂದು ಗೊಂದಲ ವಯಸ್ಸಿನದು. ಅದೇ ಡೌನಿ 2004ರಲ್ಲಿ ಅಮೆರಿಕದ 20,000ಕ್ಕೂ ಹೆಚ್ಚು ಶಿಶುವಿಹಾರದ ಮಕ್ಕಳ ಬಗ್ಗೆ ಟೀಚರುಗಳು ಕೊಟ್ಟ ಅಂಕಗಳನ್ನು ನೋಡಿದ್ದರು. ಗೆಳೆತನ ಮಾಡುವುದು, ಸರದಿ ಕಾಯುವುದು, ಸಿಟ್ಟು ಹಿಡಿದುಕೊಳ್ಳುವುದು ಇಂಥವುಗಳಲ್ಲಿ ಒಡಹುಟ್ಟಿದವರಿರುವ ಮಕ್ಕಳು ಮುಂದಿದ್ದರು. ಒಂಟಿ ಮಗುವಿನ ಅಪವಾದ ನಿಜವೇ ಆಯಿತು ಎಂದು ಆಗ ಸುದ್ದಿಯಾಯಿತು.

ಕೆಲವು ವರ್ಷಗಳ ನಂತರ ಅವರದೇ ತಂಡ ಹದಿಹರೆಯದವರನ್ನು ನೋಡಿತು. 7ರಿಂದ 12ನೇ ತರಗತಿಯ 13,000ಕ್ಕೂ ಹೆಚ್ಚು ಮಕ್ಕಳಿಗೆ ನಿನ್ನ ಗೆಳೆಯರ ಹೆಸರು ಬರಿ ಎಂದು ಕೇಳಲಾಗಿತ್ತು. ಒಂದು ಮಗುವಿನ ಹೆಸರನ್ನು ಎಷ್ಟು ಜನ ಬರೆದಿದ್ದಾರೆ ಎಂಬುದೇ ಅಳತೆ. ಟೀಚರ ಅಭಿಪ್ರಾಯಕ್ಕಿಂತ ಇದು ನಂಬಿಕಸ್ಥ ಅಳತೆ ಅನ್ನಬಹುದು. ಒಂಟಿ ಮಕ್ಕಳ ಹೆಸರು ಉಳಿದವರ ಹೆಸರಿನಷ್ಟೇ ಸಲ ಬಂದಿತ್ತು. ಐದು ವರ್ಷದಲ್ಲಿ ಕಂಡ ಅಂತರ ಹದಿನೈದರ ಹೊತ್ತಿಗೆ ಇರಲಿಲ್ಲ.

ಕಾರಣ ಸರಳ. ಮನೆಯಲ್ಲಿ ಅಭ್ಯಾಸಕ್ಕೆ ಇನ್ನೊಂದು ಮಗು ಸಿಗದವರು ಅದೇ ಅಭ್ಯಾಸವನ್ನು ಶಾಲೆಯಲ್ಲಿ ಮಾಡಿದರು. ಕಲಿಕೆ ತಡವಾಯಿತು, ತಪ್ಪಲಿಲ್ಲ. ಈಜು ಮನೆಯ ಕೊಳದಲ್ಲಿ ಕಲಿತರೇನು, ಊರಿನ ಕೆರೆಯಲ್ಲಿ ಕಲಿತರೇನು? ಹಾಗೆಂದು ಎಲ್ಲವೂ ಹೀಗೆ ಸರಿಹೋಗುತ್ತದೆ ಎಂದೂ ಅಲ್ಲ. ಶಾಲೆಯ ಗೆಳೆಯ ಬೇಡವೆನಿಸಿದರೆ ಅವನನ್ನು ಬಿಟ್ಟುಬಿಡಬಹುದು. ತಂಗಿಯನ್ನು ಬಿಡಲಾಗುವುದಿಲ್ಲ. ಜಗಳ ಆಡಿದ ಮೇಲೂ ಅವಳ ಪಕ್ಕದಲ್ಲೇ ಮಲಗಬೇಕು. ಏಳು ಲಕ್ಷ ಜನರ ಲೆಕ್ಕದಲ್ಲಿ ಉಳಿದ ಆ ಸಣ್ಣ ಅಂತರಕ್ಕೆ ಇದೂ ಒಂದು ಕಾರಣ ಇರಬಹುದೇನೋ. ಇದು ನನ್ನ ಊಹೆ.

ಎರಡನೆಯವರ ಗೋಳು

ಸಂಖ್ಯೆಯ ಜೊತೆ ಸ್ಥಾನವೂ ಸುದ್ದಿಯಾಗುತ್ತದೆ. ಹಿರಿಯರು ಜವಾಬ್ದಾರಿಯವರು, ಕಿರಿಯರು ತುಂಟರು, ನಡುವಿನವರು ಮುನಿಸಿಕೊಳ್ಳುವವರು ಎಂಬ ನಂಬಿಕೆ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಆಡ್ಲರ್ ಕಾಲದಿಂದ ಜನಪ್ರಿಯ. 2015ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಅಧ್ಯಯನ ಇದಕ್ಕೆ ನೀರೆರಚಿತು. ಬುದ್ಧಿಮತ್ತೆಯ ಅಂಕದಲ್ಲಿ ಹಿರಿಯರು ಒಂದೂವರೆ ಅಂಕದಷ್ಟು ಮುಂದೆ. ಸ್ವಭಾವದಲ್ಲಿ ಹುಟ್ಟಿದ ಕ್ರಮಕ್ಕೆ ಅಂಥ ಬೆಲೆ ಇಲ್ಲ.

ಆದರೆ ಒಂದು ಕಡೆ ಎರಡನೆಯವರ ಲೆಕ್ಕ ಬೇರೆಯಾಗಿದೆ. ಡೆನ್ಮಾರ್ಕ್ ಮತ್ತು ಅಮೆರಿಕದ ಫ್ಲಾರಿಡಾದ ದಾಖಲೆಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡನೆಯ ಗಂಡುಮಕ್ಕಳು ಶಾಲೆಯಲ್ಲಿ ಶಿಸ್ತುಕ್ರಮಕ್ಕೆ ಗುರಿಯಾಗುವ ಅಥವಾ ಕಾನೂನಿನ ಕೈಗೆ ಸಿಗುವ ಸಾಧ್ಯತೆ ಅವರ ಅಣ್ಣಂದಿರಿಗಿಂತ ಶೇ 20ರಿಂದ 40ರಷ್ಟು ಹೆಚ್ಚು. ಇದು ದೊಡ್ಡದಾಗಿ ಕೇಳಿಸುತ್ತದೆ. ಮೂಲ ಸಂಖ್ಯೆ ಸಣ್ಣದಿದ್ದಾಗ ಶೇ 40 ಹೆಚ್ಚಾದರೂ ಸಣ್ಣದಾಗಿಯೇ ಉಳಿಯುತ್ತದೆ. ಉದಾಹರಣೆಗೆ, ನೂರರಲ್ಲಿ 5 ಇದ್ದದ್ದು 7 ಆಗುತ್ತದೆ ಅಷ್ಟೇ. ಎರಡನೆಯವರಾಗಿ ಹುಟ್ಟಿದ ಬಹುಪಾಲು ಜನ ಪೊಲೀಸರ ಮುಖ ನೋಡದೆಯೇ ಬದುಕುತ್ತಾರೆ.

ಇಲ್ಲಿ ಹೋಲಿಸಿದ್ದು ಒಂದೇ ಮನೆಯ ಅಣ್ಣ-ತಮ್ಮಂದಿರನ್ನು. ಹಾಗಾಗಿ ಹಣ, ಊರು, ತಂದೆ-ತಾಯಿಯ ಓದು ಕಾರಣ ಎನ್ನುವಂತಿಲ್ಲ. ಬದಲಾದದ್ದು ಗಮನ. ಮೊದಲ ಮಗುವಿಗೆ ಒಂದು-ಎರಡು ವರ್ಷ ಅಪ್ಪ-ಅಮ್ಮ ಪೂರ್ತಿ ಸಿಗುತ್ತಾರೆ. ಎರಡನೆಯದಕ್ಕೆ ಒಂದು ದಿನವೂ ಹಾಗೆ ಸಿಗುವುದಿಲ್ಲ. ಮೊದಲನೆಯದು ನಡವಳಿಕೆ ಕಲಿತದ್ದು ದೊಡ್ಡವರನ್ನು ನೋಡಿ. ಎರಡನೆಯದು ಕಲಿತದ್ದು ಎರಡು ವರ್ಷದ ಅಣ್ಣನನ್ನು ನೋಡಿ. ಎರಡು ವರ್ಷದವರು ಎಂಥ ಗುರುಗಳು ಎಂದು ಮನೆಯಲ್ಲಿ ಸಾಕಿದವರಿಗೆ ಗೊತ್ತಿರುತ್ತದೆ.

ತಪ್ಪಾಗಿ ಓದಿದರೆ

ಸಣ್ಣ ಅಂತರವನ್ನು ದೊಡ್ಡ ಸುದ್ದಿ ಮಾಡಿದರೆ ಅದರ ಬಿಸಿ ಮೊದಲು ತಟ್ಟುವುದು ತರಗತಿಯಲ್ಲಿ. ಒಂದು ಮಗು ಬಣ್ಣದ ಪೆನ್ಸಿಲ್ ಹಂಚಿಕೊಳ್ಳಲಿಲ್ಲ. ಅದಕ್ಕೆ ತಮ್ಮ-ತಂಗಿ ಇಲ್ಲ ಎಂದು ಟೀಚರಿಗೆ ಗೊತ್ತು. ಕಾರಣ ಸಿಕ್ಕಿಬಿಟ್ಟಿತು. ಪಕ್ಕದ ಮಗುವೂ ಹಂಚಿಕೊಳ್ಳಲಿಲ್ಲ, ಅದಕ್ಕೆ ಇಬ್ಬರು ಅಕ್ಕಂದಿರು. ಅದು ಸುಮ್ನೆ ಆ ದಿನದ ಹಠ ಆಗುತ್ತದೆ. ಒಂದೇ ತಪ್ಪು, ಎರಡು ತೀರ್ಪು. ಅಪವಾದ ಹೀಗೆ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಕಲೆಹಾಕಿಕೊಳ್ಳುತ್ತದೆ.

ಮನೆಯ ನಿರ್ಧಾರಗಳೂ ಇದರಿಂದ ಬದಲಾಗುತ್ತವೆ. ಮೊದಲನೆಯದಕ್ಕೆ ಹಂಚಿಕೊಳ್ಳುವುದು ಕಲಿಯಲಿ ಎಂದು ಎರಡನೆಯದು ಬೇಕು ಎಂದುಕೊಳ್ಳುವವರಿದ್ದಾರೆ. ಎರಡನೆಯ ಮಗು ಬೇಕೆನಿಸಲು ನೂರು ಒಳ್ಳೆಯ ಕಾರಣಗಳಿರಬಹುದು. ಇದು ಅದರಲ್ಲಿ ದುರ್ಬಲವಾದದ್ದು. ಸಿಗುವ ಲಾಭ ಸಣ್ಣದು. ಇಬ್ಬರ ನಡುವೆ ಎಂಥ ಸಂಬಂಧ ಬೆಳೆಯುತ್ತದೆ ಎಂಬುದರ ಮೇಲೆ ಅದು ನಷ್ಟವೂ ಆಗಬಹುದು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಇದಕ್ಕೆ ತದ್ವಿರುದ್ಧವಾದದ್ದು. ಒಡಹುಟ್ಟಿದವರಿದ್ದರೆ ಒಳ್ಳೆಯದೇ ಆಗುತ್ತದೆ ಎಂದು ನಂಬಿ, ಮನೆಯೊಳಗಿನ ಹಿಂಸೆಯನ್ನು ಮಕ್ಕಳಾಟ ಎಂದು ಬಿಟ್ಟುಬಿಡುವುದು. ಶಾಲೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ವಾರಕ್ಕೆ ನಾಲ್ಕು ಸಲ ಹೊಡೆದರೆ ದೂರು ಹೋಗುತ್ತದೆ. ಅದೇ ಹೊಡೆತ ಅಣ್ಣನಿಂದ ಬಿದ್ದರೆ ಅದಕ್ಕೆ ಹೆಸರೇ ಇಲ್ಲ. ಬ್ರಿಟನ್ನಿನಲ್ಲಿ ಸುಮಾರು 6,900 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2014ರಲ್ಲಿ ಬಂತು. 12ನೇ ವಯಸ್ಸಿನಲ್ಲಿ ಒಡಹುಟ್ಟಿದವರಿಂದ ವಾರಕ್ಕೆ ಹಲವು ಸಲ ಕಾಟ ಅನುಭವಿಸಿದವರು 18ರಲ್ಲಿ ಖಿನ್ನತೆಗೆ ಒಳಗಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಏಳು ಲಕ್ಷ ಜನರಲ್ಲಿ ಹುಡುಕಿದ ಆ ಕೂದಲೆಳೆಯ ಪಕ್ಕ ಇದನ್ನು ಇಟ್ಟು ನೋಡಿ. ಇಷ್ಟಾದರೂ ಮಕ್ಕಳ ಡಾಕ್ಟರ ಬಳಿ ಹೋದಾಗ ಎಷ್ಟು ಮಕ್ಕಳು ಎಂದು ಕೇಳುವುದೇ ವಾಡಿಕೆ, ಅಣ್ಣ ಹೊಡೆಯುತ್ತಾನಾ ಎಂದು ಕೇಳುವುದು ಅಪರೂಪ.

ಪಾಪುಗೆ ಯಾಕೆ ಅಳು?

ಹಾಗಾದರೆ ಒಂದು ಜೋಡಿ ಹತ್ತಿರವಾಗುವುದು, ಇನ್ನೊಂದು ಹಾವು-ಮುಂಗುಸಿ ಆಗುವುದು ಯಾವುದರಿಂದ? ಮಕ್ಕಳ ಹುಟ್ಟುಗುಣಕ್ಕೆ ಅದರಲ್ಲಿ ಪಾಲಿದೆ, ಸಂಶಯವಿಲ್ಲ. ಆದರೆ ದೊಡ್ಡವರ ಮಾತಿಗೂ ಪಾಲಿದೆ. ಬ್ರಿಟನ್ನಿನ ಕೇಂಬ್ರಿಡ್ಜ್‌ನಲ್ಲಿ ಜೂಡಿ ಡನ್ ಮತ್ತು ಕರೋಲ್ ಕೆಂಡ್ರಿಕ್ 40 ಮನೆಗಳಲ್ಲಿ ಎರಡನೆಯ ಮಗು ಹುಟ್ಟುವ ಮುಂಚಿನಿಂದ ಕೂತು ನೋಡಿ 1982ರಲ್ಲಿ ಬರೆದರು. ಪಾಪು ಬಂದ ಮೇಲೆ ದೊಡ್ಡ ಮಕ್ಕಳಲ್ಲಿ ಹಠ, ಅಳು, ಬೇಕೆಂದೇ ಮಾಡುವ ಚೇಷ್ಟೆ ಜಾಸ್ತಿಯಾದದ್ದನ್ನು ಅವರು ಕಂಡರು. ಇದು ಬಹುತೇಕ ಮನೆಗಳ ಕತೆ. ಅಲ್ಲಿಂದ ಮುಂದೆ ದಾರಿಗಳು ಬೇರೆಯಾದವು.

ಕೆಲವು ತಾಯಂದಿರು ಪಾಪುವನ್ನು ಒಬ್ಬ ಮನುಷ್ಯನಂತೆ ಪರಿಚಯಿಸಿದರು. ಪಾಪು ಯಾಕೆ ಅಳ್ತಿದೆ ಹೇಳು, ಹಸಿವಾ, ನಿದ್ದೆ ಬಂತಾ? ನಿನ್ನ ಕಂಡ್ರೆ ಅದಕ್ಕೆ ಇಷ್ಟ ನೋಡು, ಈಗ ಏನು ಮಾಡೋಣ? ಹೀಗೆ ದೊಡ್ಡ ಮಗುವನ್ನೂ ಯೋಚನೆಗೆ ಎಳೆದುಕೊಂಡ ಮನೆಗಳಲ್ಲಿ, ತಿಂಗಳುಗಳ ನಂತರ ಇಬ್ಬರ ನಡುವೆ ಸಲಿಗೆ ಜಾಸ್ತಿ ಇತ್ತು.

ಮಕ್ಕಳು ದೊಡ್ಡವರಾದಾಗ ತಕರಾರು ಬೇರೆಯಾಗುತ್ತದೆ. ಅವನಿಗೆ ಮಾತ್ರ ಯಾಕೆ, ನನಗೆ ಯಾಕಿಲ್ಲ? ಅಮಾಂಡಾ ಕೋವಲ್ ಮತ್ತು ಲಾರಿ ಕ್ರೇಮರ್ 1997ರಲ್ಲಿ 11ರಿಂದ 13 ವರ್ಷದ ಮಕ್ಕಳನ್ನು ಇದೇ ವಿಷಯ ಕೇಳಿದರು. ಅಪ್ಪ-ಅಮ್ಮ ಇಬ್ಬರನ್ನೂ ಒಂದೇ ರೀತಿ ನೋಡುವುದಿಲ್ಲ ಎಂದು ಹೇಳಿದ ಮಕ್ಕಳಲ್ಲೂ ಬಹಳಷ್ಟು ಜನ ಅದನ್ನು ಅನ್ಯಾಯ ಅನ್ನಲಿಲ್ಲ. ತಮ್ಮ ಚಿಕ್ಕವನು, ಅವನಿಗೆ ಲೆಕ್ಕ ಬರುವುದಿಲ್ಲ, ಅಮ್ಮ ಅವನ ಜೊತೆ ಜಾಸ್ತಿ ಹೊತ್ತು ಕೂರುತ್ತಾಳೆ ಎಂಬಂಥ ಕಾರಣ ಗೊತ್ತಿದ್ದರೆ ಸಾಕಿತ್ತು. ಕಾರಣವಿಲ್ಲದೆ ಪಕ್ಷಪಾತ ಎಂದು ಅನಿಸಿದಲ್ಲಿ ಸಂಬಂಧವೂ ಹುಳಿಯಾಗಿತ್ತು.

ಒಂದು ಮನೆಯಲ್ಲಿ ಅಕ್ಕ ಕೇಳುತ್ತಾಳೆ, ಅಮ್ಮ ಅವಳಿಗೆ ಕಾರಣ ಹೇಳುತ್ತಾಳೆ. ಇನ್ನೊಂದು ಮನೆಯಲ್ಲಿ ಅಕ್ಕ ಕೇಳುತ್ತಾಳೆ, ಸುಮ್ಮನಿರು ಎಂಬ ಉತ್ತರ ಬರುತ್ತದೆ. ರಾತ್ರಿ ದೀಪ ಆರಿದ ಮೇಲೆ ಅವಳು ತಮ್ಮನನ್ನು ಜಿಗುಟುತ್ತಾಳೆ. ಸಮೀಕ್ಷೆಯವರು ಬಂದಾಗ ಎರಡೂ ಮನೆಯವರು ಫಾರಂನಲ್ಲಿ ತುಂಬುವುದು ಒಂದೇ. ಮಕ್ಕಳ ಸಂಖ್ಯೆ: 2.